ಇಳಿಯುವಾಗಲೇ ಹೆಚ್ಚು ದುಡಿಮೆ: ಸಣ್ಣ ಹೆಲಿಕಾಪ್ಟರಿನ ಕೊನೆಯ ನೂರು ಅಡಿ

ಮೊದಲಿಗೆ ಒಂದು ಪ್ರಶ್ನೆ. ಸಣ್ಣ ಹೆಲಿಕಾಪ್ಟರಿನ ಎಂಜಿನ್‌ಗೆ ಅತಿ ಹೆಚ್ಚು ದುಡಿಮೆ ಯಾವಾಗ? ಮೇಲೇರುವಾಗ ಎನ್ನುವವರು ಕೈ ಎತ್ತಿ. ಸಭೆಯ ಮುಕ್ಕಾಲು ಪಾಲು. ಜೋರಾಗಿ ಹಾರುವಾಗ? ಐದಾರು ಮಂದಿ ಇದ್ದೀರಿ. ಇಳಿಯುವಾಗ? ಹಿಂದಿನ ಸಾಲಿನಲ್ಲಿ ಒಬ್ಬರು ಅನುಮಾನದಿಂದ ಅರ್ಧ ಕೈ ಎತ್ತಿದ್ದಾರೆ. ಪೂರ್ತಿ ಎತ್ತಿ, ಪರವಾಗಿಲ್ಲ.

ಮೇಲೇರುವಾಗ ಎಂದವರೂ ತಪ್ಪಿಲ್ಲ. ಆಗಲೂ ಎಂಜಿನ್ ಏದುಸಿರು ಬಿಡುತ್ತದೆ. ಆದರೆ ಆಗ ಶಕ್ತಿ ಸಾಲದಿದ್ದರೆ ಹೆಲಿಕಾಪ್ಟರ್ ಏಳುವುದೇ ಇಲ್ಲ. ನೆಲದ ಮೇಲೆ ಕೂತಿರುತ್ತದೆ, ಪೈಲಟ್ ಮುಜುಗರಪಟ್ಟುಕೊಂಡು ಒಬ್ಬ ಪ್ರಯಾಣಿಕನನ್ನು ಕೆಳಗಿಳಿಸುತ್ತಾನೆ, ಅಲ್ಲಿಗೆ ಮುಗಿಯಿತು. ಇಳಿಯುವಾಗ ಶಕ್ತಿ ಸಾಲದೆಂಬ ಸಂಗತಿ ತಿಳಿಯುವುದು ನೆಲದಿಂದ ನಲವತ್ತು ಅಡಿ ಮೇಲೆ, ಮುಂದೆ ಮರ, ಬೆನ್ನಿಗೆ ಗಾಳಿ ಇರುವಾಗ. ವಿಮಾನದ ಪೈಲಟ್ ಶಕ್ತಿಯನ್ನು ಇಳಿಸುತ್ತಾ ಬರುತ್ತಾನೆ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಎಂಜಿನ್ ಸುಮ್ಮನಾಗಿರುತ್ತದೆ. ಹೆಲಿಕಾಪ್ಟರಿನಲ್ಲಿ ಇದು ತಲೆಕೆಳಗು. ವೇಗ ಇಳಿದಷ್ಟೂ ಶಕ್ತಿ ಏರಬೇಕು.

ಏಕೆ? ಈಜು ಬಲ್ಲವರನ್ನು ಕೇಳಿ. ಆಳದ ನೀರಿನಲ್ಲಿ ತಲೆ ಮೇಲಿಟ್ಟುಕೊಂಡು ನಿಂತಲ್ಲೇ ಕಾಲು ಬಡಿಯುತ್ತಿದ್ದರೆ ಮುಂದಕ್ಕೆ ಈಜುವುದಕ್ಕಿಂತ ಬೇಗ ಸುಸ್ತಾಗುತ್ತದೆ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದಕ್ಕೆ ನಾವು ಹೋವರ್ ಎನ್ನುತ್ತೇವೆ. ಹೋವರ್‌ನಲ್ಲಿ ರೋಟರ್, ಅಂದರೆ ತಲೆಯ ಮೇಲೆ ತಿರುಗುವ ಅಲಗುಗಳು, ತಾನೇ ಕೆಳಕ್ಕೆ ನೂಕಿದ, ಈಗಾಗಲೇ ಜಾರುತ್ತಿರುವ ಗಾಳಿಯ ಮೇಲೆಯೇ ಮತ್ತೆ ಮತ್ತೆ ಕಾಲೂರಬೇಕು. ಮುಂದಕ್ಕೆ ಹೋಗುತ್ತಿದ್ದರೆ ಪ್ರತಿ ಕ್ಷಣವೂ ಹೊಸ ಗಾಳಿ, ಕದಡದ ಗಾಳಿ ಸಿಗುತ್ತದೆ. ಈ ಲಾಭ ಕೈಗೆ ಬರುವುದು ಸುಮಾರು 16ರಿಂದ 24 ನಾಟ್ ವೇಗದ ನಡುವೆ, ಅಂದರೆ ಗಂಟೆಗೆ 30ರಿಂದ 45 ಕಿಲೊಮೀಟರ್. ಹೊರಡುವಾಗ ಈ ಗೆರೆ ದಾಟಿದೊಡನೆ ಹೆಲಿಕಾಪ್ಟರ್ ಒಂದು ಸಲ ನಡುಗಿ, ಯಾರೋ ಕೆಳಗಿನಿಂದ ಎತ್ತಿದಂತೆ ಹಗುರಾಗುತ್ತದೆ. ಇಳಿಯುವಾಗ ಅದೇ ಗೆರೆಯನ್ನು ಹಿಮ್ಮುಖವಾಗಿ ದಾಟುತ್ತೇವೆ. ಎತ್ತಿಕೊಂಡಿದ್ದವನು ಕೈ ಬಿಡುತ್ತಾನೆ.

ನೆಲದ ಹತ್ತಿರ ಒಂದು ಸಮಾಧಾನವಿದೆ. ರೋಟರಿನ ವ್ಯಾಸದಷ್ಟು ಎತ್ತರದೊಳಗೆ ಬಂದರೆ ಕೆಳಗೆ ನೂಕಿದ ಗಾಳಿ ನೆಲಕ್ಕೆ ತಡೆದು ಒಂದು ಮೆತ್ತೆಯಂತಾಗುತ್ತದೆ. ರಾಬಿನ್‌ಸನ್ ಆರ್-22 ಎಂಬ ಎರಡು ಆಸನಗಳ ಹೆಲಿಕಾಪ್ಟರ್ ಇದೆಯಲ್ಲ, ತರಬೇತಿ ಶಾಲೆಗಳ ದುಡಿಯುವ ಕುದುರೆ, ಅದರ ರೋಟರ್ ವ್ಯಾಸ 7.67 ಮೀಟರ್. ಹಾಗಾಗಿ ಸುಮಾರು 25 ಅಡಿಯಿಂದ ಕೆಳಗೆ ಮೆತ್ತೆ ಸಿಗತೊಡಗುತ್ತದೆ. ಆದರೆ ಮೆತ್ತೆ ಬೇಕಾದರೆ ಕೆಳಗಿನ ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಎದೆಯೆತ್ತರದ ಹುಲ್ಲು, ಇಳಿಜಾರು, ಚಾವಣಿಯ ಅಂಚು, ಇಲ್ಲೆಲ್ಲ ಮೆತ್ತೆಯ ಗಾಳಿ ಸೋರಿಹೋಗುತ್ತದೆ.

ಈಗ ಪೈಲಟ್‌ನ ಕೈಕಾಲುಗಳ ಪರಿಚಯ ಮಾಡಿಕೊಡುತ್ತೇನೆ. ಮುಂದಿನ ಮಾತೆಲ್ಲ ಅವುಗಳದ್ದೇ. ಬಲಗೈಯಲ್ಲಿ ಸೈಕ್ಲಿಕ್, ಯಾವ ಕಡೆ ವಾಲಿಸಿದರೆ ಆ ಕಡೆ ಹೋಗುತ್ತದೆ. ಎಡಗೈಯಲ್ಲಿ ಕಲೆಕ್ಟಿವ್, ಹಳೆಯ ಕಾರಿನ ಹ್ಯಾಂಡ್‌ಬ್ರೇಕಿನಂತೆ ಆಸನದ ಪಕ್ಕದಲ್ಲಿರುತ್ತದೆ. ಮೇಲಕ್ಕೆ ಎಳೆದರೆ ಎಲ್ಲ ಅಲಗುಗಳೂ ಒಟ್ಟಿಗೆ ಹೆಚ್ಚು ಕೋನಕ್ಕೆ ತಿರುಗಿ ಗಾಳಿಯನ್ನು ಹೆಚ್ಚು ಬಾಚುತ್ತವೆ. ಎರಡು ಕಾಲುಗಳ ಕೆಳಗೆ ಎರಡು ಪೆಡಲ್. ಅವು ಬಾಲದ ರೋಟರಿಗೆ ಸೇರಿದವು.

ಬಾಲದ ರೋಟರ್ ಏಕೆ ಬೇಕು ಎಂಬುದಕ್ಕೆ ತಿರುಗುವ ಕುರ್ಚಿಯಲ್ಲಿ ಕೂತು ಭಾರದ ಚಕ್ರವೊಂದನ್ನು ಬಲವಾಗಿ ತಿರುಗಿಸಿ ನೋಡಿ. ಚಕ್ರ ಒಂದು ಕಡೆ, ನೀವು ಇನ್ನೊಂದು ಕಡೆ. ಮುಖ್ಯ ರೋಟರನ್ನು ಒಂದು ದಿಕ್ಕಿಗೆ ತಿರುಗಿಸುವ ಎಂಜಿನ್, ಹೆಲಿಕಾಪ್ಟರಿನ ಮೈಯನ್ನು ವಿರುದ್ಧ ದಿಕ್ಕಿಗೆ ತಿರುಗಿಸಲು ಹೊರಡುತ್ತದೆ. ಹೆಲಿಕಾಪ್ಟರ್ ವಿನ್ಯಾಸಕ ಇಗೋರ್ ಸಿಕೊರ್ಸ್ಕಿ 1939ರ ಸೆಪ್ಟೆಂಬರ್ 14ರಂದು ತಮ್ಮ ವಿಎಸ್-300 ಯಂತ್ರವನ್ನು ಮೊದಲ ಸಲ ನೆಲ ಬಿಡಿಸಿದಾಗ ಅದನ್ನು ನೆಲಕ್ಕೆ ಕಟ್ಟಿಯೇ ಹಾರಿಸಿದ್ದರು. ಕಟ್ಟು ಬಿಚ್ಚಿ ಹಾರಿದ್ದು ಮುಂದಿನ ವರ್ಷದ ಮೇ ತಿಂಗಳಲ್ಲಿ. ಎತ್ತುವ ಬಲ ಸಿಗುವುದು ಒಂದು ಸಮಸ್ಯೆ, ಎತ್ತಿದ ಮೇಲೆ ಹಿಡಿತದಲ್ಲಿಡುವುದು ಬೇರೆಯೇ ಸಮಸ್ಯೆ ಎಂದು ಅವರಿಗೆ ಗೊತ್ತಿತ್ತು. ಬಾಲದ ರೋಟರುಗಳನ್ನು ಒಂದು, ಮೂರು, ಮತ್ತೆ ಒಂದು ಎಂದು ಬದಲಾಯಿಸುತ್ತಾ ಹೋದ ಆ ಪ್ರಯೋಗಗಳ ಬಗ್ಗೆ ಮಾತಾಡುತ್ತಾ ಕೂತರೆ ಸಂಜೆಯೇ ಕಳೆದೀತು. ಬಿಡೋಣ.

ನಮಗೆ ಬೇಕಾದದ್ದು ಇಷ್ಟು: ಎಡಗೈ ಕಲೆಕ್ಟಿವ್ ಎಳೆದಷ್ಟೂ ಮೈ ತಿರುಗುವ ಬಲ ಹೆಚ್ಚುತ್ತದೆ, ಕಾಲು ಅಷ್ಟೇ ಪೆಡಲ್ ಒತ್ತಬೇಕು. ಕೈ ಮತ್ತು ಕಾಲು ಜೋಡಿ ಎತ್ತುಗಳು. ನಾನು ಶಿಕ್ಷಕನಾಗಿ ಪಕ್ಕದ ಆಸನದಲ್ಲಿ ಕೂತು ಕಂಡ ಅವಘಡಗಳಲ್ಲಿ, ಆಮೇಲೆ ಓದಿದ ತನಿಖಾ ವರದಿಗಳಲ್ಲಿ, ಹೆಚ್ಚಿನವು ಒಂದೇ ಬಗೆಯವು. ಎಡಗೈ ಬೇಕಾದ್ದಕ್ಕಿಂತ ಹೆಚ್ಚು ಮಾಡಿರುತ್ತದೆ, ಕಾಲು ಬೇಕಾದ್ದಕ್ಕಿಂತ ಕಡಿಮೆ ಮಾಡಿರುತ್ತದೆ.

ಒಂದು ಇಳಿತವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಧ್ಯಾಹ್ನ ಮೂರು ಗಂಟೆ, ಉಷ್ಣಾಂಶ 35 ಡಿಗ್ರಿ. ಸಮುದ್ರಮಟ್ಟದಲ್ಲೇ ಇದ್ದರೂ ಅಷ್ಟು ಬಿಸಿಯಲ್ಲಿ ಗಾಳಿ ತೆಳುವಾಗಿ, ರೋಟರಿನ ಲೆಕ್ಕದಲ್ಲಿ ನೀವು ಸುಮಾರು 2,400 ಅಡಿ ಎತ್ತರದಲ್ಲಿದ್ದಂತೆ. ಒಳಗೆ ಇಬ್ಬರು ದೃಢಕಾಯರು. ಆರ್-22ಗೆ ಗರಿಷ್ಠ ತೂಕ 622 ಕಿಲೊ. ಅದರ ಹತ್ತಿರಕ್ಕೇ ಬಂದಿದ್ದಾರೆ. ಇಳಿಯಬೇಕಾದದ್ದು ಮರಗಳ ನಡುವಿನ ಸಣ್ಣ ಬಯಲು. ಬೆನ್ನಿನಿಂದ 10 ನಾಟ್ ಗಾಳಿ. ಪೈಲಟ್ ಅದನ್ನು ಗಮನಿಸಿಲ್ಲ, ಅಥವಾ ಗಮನಿಸಿ, ಹತ್ತು ತಾನೇ ಎಂದುಕೊಂಡಿದ್ದಾನೆ.

ಇಲ್ಲಿ ಕಣ್ಣು ಮೋಸ ಮಾಡುತ್ತದೆ. ಕಣ್ಣು ನೋಡುವುದು ನೆಲವನ್ನು, ರೋಟರ್ ತಿಳಿಯುವುದು ಗಾಳಿಯನ್ನು ಮಾತ್ರ. ನೆಲ 25 ನಾಟ್ ವೇಗದಲ್ಲಿ ಹಿಂದೆ ಸರಿಯುತ್ತಿದ್ದರೆ ಕಣ್ಣಿಗೆ ಅದು ಇನ್ನೂ ವೇಗವೇ. ಆದರೆ ಹಿಂಗಾಳಿಯನ್ನು ಕಳೆದರೆ ರೋಟರಿಗೆ ಸಿಗುತ್ತಿರುವುದು 15 ನಾಟ್. ಎತ್ತಿಕೊಂಡಿದ್ದವನು ಆಗಲೇ ಕೈ ಬಿಟ್ಟಿದ್ದಾನೆ. ವೇಗಮಾಪಕ ನೋಡಬಾರದೇ ಎನ್ನುತ್ತೀರಿ. ಇಂಥ ಹೆಲಿಕಾಪ್ಟರುಗಳಲ್ಲಿ ಅದು ಇಷ್ಟು ಕಡಿಮೆ ವೇಗದಲ್ಲಿ ನಂಬುವಂತಿರುವುದಿಲ್ಲ. ಮುಳ್ಳು ಸುಮ್ಮನೆ ತೂಗಾಡುತ್ತಿರುತ್ತದೆ. ಅತ್ಯಗತ್ಯವಾಗಿ ಬೇಕಾದ ಹೊತ್ತಿನಲ್ಲೇ ಕೈಕೊಡುವ ಉಪಕರಣಗಳಲ್ಲಿ ಇದಕ್ಕೆ ಮೊದಲ ಬಹುಮಾನ.

ಹಿಂಗಾಳಿ ನೂಕುತ್ತಿರುವುದರಿಂದ ಬಯಲು ಬೇಗನೆ ಹತ್ತಿರ ಬರುತ್ತದೆ. ಮೀರಿ ಹೋದೇನೆಂದು ಪೈಲಟ್ ಮೂತಿ ಎತ್ತಿ ವೇಗ ತಗ್ಗಿಸುತ್ತಾನೆ, ಕಲೆಕ್ಟಿವ್ ಇಳಿಸಿ ಕಡಿದಾಗಿ ಇಳಿಯತೊಡಗುತ್ತಾನೆ. ಈಗ ಅವನು ವೇಗವಿಲ್ಲದೆ, ಜೋರಾಗಿ, ಹೆಚ್ಚು ಕಡಿಮೆ ನೆಟ್ಟಗೆ ಕೆಳಗೆ ಬರುತ್ತಿದ್ದಾನೆ. ತಾನೇ ಕೆಳಕ್ಕೆ ನೂಕಿದ ಗಾಳಿಯೊಳಕ್ಕೆ ತಾನೇ ಮುಳುಗುತ್ತಿದ್ದಾನೆ. ಆ ಗಾಳಿ ಅಲಗುಗಳ ತುದಿಯನ್ನು ಸುತ್ತಿ ಮೇಲೆ ಬಂದು ಮತ್ತೆ ರೋಟರಿನೊಳಕ್ಕೆ ಇಳಿಯುತ್ತದೆ, ಚಕ್ರದ ಟ್ಯೂಬಿನಂಥ ಸುಳಿಯೊಂದು ರೋಟರಿನ ಸುತ್ತ ಕಟ್ಟಿಕೊಳ್ಳುತ್ತದೆ. ಇದನ್ನು ವೋರ್ಟೆಕ್ಸ್ ರಿಂಗ್ ಸ್ಥಿತಿ ಎನ್ನುತ್ತೇವೆ. ಇದರ ಕೇಡು ಏನೆಂದರೆ, ಕಲೆಕ್ಟಿವ್ ಎಳೆದಷ್ಟೂ ಸುಳಿ ಬಲಿಯುತ್ತದೆ. ಮೇಲೆತ್ತಬೇಕಾದ ಹಿಡಿಕೆಯೇ ಕೆಳಗೆ ತಳ್ಳುತ್ತದೆ.

ಇದನ್ನು ತಪ್ಪಿಸಲು ರಾಬಿನ್‌ಸನ್ ಕಂಪನಿ ತನ್ನ ಪೈಲಟ್‌ಗಳಿಗೆ ಕೊಡುವ ಸೂತ್ರ ಸರಳ: ಇಳಿಯುವ ದರ ನಿಮಿಷಕ್ಕೆ 300 ಅಡಿಗಿಂತ ಕಡಿಮೆಯಾಗುವವರೆಗೆ ವೇಗವನ್ನು 30 ನಾಟ್‌ಗಿಂತ ಕೆಳಗೆ ತರಬೇಡಿ. ಮೊದಲು ಇಳಿತ, ಆಮೇಲೆ ವೇಗ. ಒಳಗೆ ಸಿಕ್ಕಿಕೊಂಡರೆ ಹಳೆಯ ಪಾಠ ಮೂತಿ ತಗ್ಗಿಸಿ ಮುಂದಕ್ಕೆ ಓಡು, ಕಲೆಕ್ಟಿವ್ ಇಳಿಸು ಎನ್ನುತ್ತದೆ. ಸಾವಿರ ಅಡಿ ಎತ್ತರದಲ್ಲಿ ಅದು ಸರಿ. ಮರದ ಮಟ್ಟದಲ್ಲಿ ಕಲೆಕ್ಟಿವ್ ಇಳಿಸಿ ಎತ್ತರ ಕಳೆದುಕೊಳ್ಳಲು ಯಾರ ಮನಸ್ಸು ಒಪ್ಪುತ್ತದೆ? ಸ್ವಿಟ್ಜರ್ಲೆಂಡಿನ ಪೈಲಟ್ ಕ್ಲಾಡ್ ವುಯಿಷಾರ್ ಇದಕ್ಕೊಂದು ಪಕ್ಕದಾರಿಯನ್ನು ಜನಪ್ರಿಯಗೊಳಿಸಿದರು. ಆರ್-22ರಂಥ ಯಂತ್ರದಲ್ಲಿ ಪೂರ್ಣ ಶಕ್ತಿ ಕೊಡು, ಎಡ ಪೆಡಲ್‌ನಿಂದ ಮೂತಿಯನ್ನು ನೇರ ಹಿಡಿ, ಸೈಕ್ಲಿಕ್ಕನ್ನು ಬಲಕ್ಕೆ ವಾಲಿಸು. ಬಾಲದ ರೋಟರ್ ಹೇಗೂ ಬಲಕ್ಕೇ ನೂಕುತ್ತಿರುತ್ತದೆ, ಎರಡೂ ಸೇರಿ ಸುಳಿಯ ಬದಿಯಿಂದ ಆಚೆ ಜಾರಿಸುತ್ತವೆ. ಸರಿಯಾಗಿ ಮಾಡಿದರೆ ನಷ್ಟ 20ರಿಂದ 50 ಅಡಿ ಎತ್ತರ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯ ಕೈಪಿಡಿಯಲ್ಲೂ ಈಗ ಈ ಕ್ರಮವಿದೆ. ನಾನು ವಿದ್ಯಾರ್ಥಿಗಳಿಗೆ ಎರಡನ್ನೂ ಕಲಿಸುತ್ತಿದ್ದೆ, ಆದರೆ ನಲವತ್ತು ಅಡಿಯಲ್ಲಿ ಎರಡೂ ತಡವೇ ಎಂದೂ ಹೇಳುತ್ತಿದ್ದೆ.

ನಮ್ಮ ಪೈಲಟ್‌ನ ಕಥೆಗೆ ಬನ್ನಿ. ಸುಳಿ ಪೂರ್ತಿ ಕಟ್ಟಿಕೊಳ್ಳುವ ಮೊದಲೇ ಅವನು ಗಾಬರಿಯಾಗಿ ಕಲೆಕ್ಟಿವ್ ಎಳೆದ ಎಂದಿಟ್ಟುಕೊಳ್ಳೋಣ. ಆರ್-22ರ ಎಂಜಿನ್ ಸತತವಾಗಿ ಕೊಡಬಹುದಾದ್ದು 124 ಅಶ್ವಶಕ್ತಿ, ಐದು ನಿಮಿಷದ ಮಟ್ಟಿಗೆ 131. ಅಲಗುಗಳು ಅದಕ್ಕಿಂತ ಹೆಚ್ಚು ಕೇಳಿದರೆ ಎಂಜಿನ್ ಇಲ್ಲವೆನ್ನುತ್ತದೆ. ಆಗ ರೋಟರಿನ ಸುತ್ತುಗಳು ಇಳಿಯತೊಡಗುತ್ತವೆ. ಮುಖ್ಯ ರೋಟರ್ ನಿಮಿಷಕ್ಕೆ ಸುಮಾರು 530 ಸುತ್ತು ತಿರುಗುತ್ತಿರುತ್ತದೆ, ಬಾಲದ್ದು ಸುಮಾರು 3,400. ಇವೆರಡೂ ಹಲ್ಲುಚಕ್ರಗಳಿಂದ ಒಂದಕ್ಕೊಂದು ಬಿಗಿಯಾಗಿ ಸೇರಿವೆ. ಒಂದು ಇಳಿದರೆ ಇನ್ನೊಂದೂ ಇಳಿಯಲೇಬೇಕು. ಅಲಗಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಸುತ್ತು ಶೇ 10ರಷ್ಟು ಇಳಿದರೆ 0.9ರ ವರ್ಗ 0.81, ಬಲ ಶೇ 19ರಷ್ಟು ಇಳಿಯಿತು. ಎಡಗೈ ಹೆಚ್ಚು ಬಲ ಬೇಕೆಂದು ಎಳೆದದ್ದಕ್ಕೆ ಸಿಕ್ಕಿದ್ದು ಕಡಿಮೆ ಬಲ. ಅದೇ ಹೊತ್ತಿಗೆ ಬಾಲದ ರೋಟರಿಗೂ ಐದರಲ್ಲಿ ಒಂದು ಪಾಲು ನಷ್ಟ, ಅದೂ ಮೂತಿ ತಿರುಗುವ ಬಲ ಜೋರಾಗಿರುವ ಕ್ಷಣದಲ್ಲಿ. ಹೆಲಿಕಾಪ್ಟರ್ ಕುಸಿಯುತ್ತಾ ಗಿರಕಿ ಹೊಡೆಯತೊಡಗುತ್ತದೆ. ನೋಡಿದವರು ಬಾಲದ ರೋಟರ್ ಕೆಟ್ಟಿತು ಎನ್ನುತ್ತಾರೆ. ಕೆಟ್ಟಿರುವುದಿಲ್ಲ. ಅದರ ಪಾಲಿನ ಸುತ್ತುಗಳನ್ನು ಎಡಗೈ ಕಸಿದುಕೊಂಡಿರುತ್ತದೆ.

ಸುತ್ತು ಶೇ 97ಕ್ಕೆ ಇಳಿದಾಗ ಆರ್-22ರಲ್ಲಿ ಹಾರ್ನ್ ಕೂಗುತ್ತದೆ, ದೀಪ ಹತ್ತುತ್ತದೆ. ಆಗ ಮಾಡಬೇಕಾದದ್ದು ಎಂಜಿನ್ನಿನ ಶಕ್ತಿ ಹೆಚ್ಚಿಸುವ ಥ್ರಾಟಲ್ ತಿರುಗಿಸುತ್ತಲೇ ಕಲೆಕ್ಟಿವ್ ಇಳಿಸುವುದು. ಕೆಳಗೆ ಬೀಳುತ್ತಿರುವಾಗ ಇಳಿಸುವುದು! ಹೇಳಲು ಸುಲಭ. ಶೇ 80ರ ಆಸುಪಾಸಿಗೆ ಬಂದರೆ ಅಲಗುಗಳು ಗಾಳಿಯ ಮೇಲೆ ಹಿಡಿತವನ್ನೇ ಕಳೆದುಕೊಳ್ಳುತ್ತವೆ, ಮತ್ತೆ ತಿರುಗಿ ಬರುವುದಿಲ್ಲ. ಹಗುರವಾದ ರೋಟರ್ ಬೇಗ ಸೊರಗುತ್ತದೆ. 1995ರಲ್ಲಿ ಎಫ್‌ಎಎ ಆರ್-22 ಮತ್ತು ಆರ್-44 ಹಾರಿಸುವವರಿಗೆ ಪ್ರತ್ಯೇಕ ತರಬೇತಿ ನಿಯಮವನ್ನೇ ತಂದಿತು. ರೋಟರ್ ಸುತ್ತು ಕುಸಿಯುವುದನ್ನು ಗುರುತಿಸುವುದು ಅದರ ಮುಖ್ಯ ಪಾಠಗಳಲ್ಲೊಂದು.

ಈ ಎಳೆಯುವ ಕೈಯ ಚಾಳಿ ಹೇಗಿರುತ್ತದೆ ಎಂಬುದಕ್ಕೆ ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಸ್ವಲ್ಪ ದಾರಿ ತಪ್ಪುತ್ತದೆ, ಇದು ಗಾಳಿಯಲ್ಲಿ ಆದದ್ದಲ್ಲ, ನೆಲ ಮುಟ್ಟಿದ ಮೇಲೆ ಆದದ್ದು.

ಮಳೆ ನಿಂತ ಮರುದಿನ. ಬಲಗಡೆಯ ಆಸನದಲ್ಲಿ ವಿದ್ಯಾರ್ಥಿ, ಎಡಗಡೆ ನಾನು. ಹೋವರ್‌ನಿಂದ ಹುಲ್ಲಿನ ಮೇಲೆ ಇಳಿಯುವ ಅಭ್ಯಾಸ, ಅಂದು ಬೆಳಗ್ಗೆ ಅದಾಗಲೇ ಹತ್ತು ಸಲ ಚೆನ್ನಾಗಿ ಮಾಡಿದ್ದ. ಹನ್ನೊಂದನೆಯ ಸಲ ಇಳಿಯುವಾಗ ಹೆಲಿಕಾಪ್ಟರ್ ಬಲಕ್ಕೆ ಸರಿಯುತ್ತಿತ್ತು. ಮಗು ಅಂಬೆಗಾಲಿಡುವಷ್ಟೇ ನಿಧಾನ, ನಾನು ತಿದ್ದಲು ಹೋಗಲಿಲ್ಲ. ಬಲಗಡೆಯ ಸ್ಕಿಡ್, ಅಂದರೆ ಚಕ್ರದ ಬದಲು ಇರುವ ಉದ್ದನೆಯ ಕಾಲು, ಕೆಸರು ಮುಟ್ಟಿತು. ಕಚ್ಚಿಕೊಂಡಿತು. ಎಡಗಡೆಯದ್ದು ಇನ್ನೂ ಗಾಳಿಯಲ್ಲಿತ್ತು. ದಿಗಂತ ವಾಲತೊಡಗಿದ್ದು ಕಂಡಿತು. ಬೇಗನೆ ಅಲ್ಲ, ಬಾಗಿಲು ತಂತಾನೇ ತೆರೆದುಕೊಳ್ಳುವ ಹಾಗೆ. ವಿದ್ಯಾರ್ಥಿ ಸೈಕ್ಲಿಕ್ಕನ್ನು ಎಡಕ್ಕೆ ಒತ್ತಿದ, ಸಾಲಲಿಲ್ಲ. ಆಗ ಎಲ್ಲರೂ ಮಾಡುವುದನ್ನೇ ಮಾಡಿದ: ಎತ್ತಿಕೊಂಡು ಹೊರಟುಬಿಡೋಣ ಎಂದು ಕಲೆಕ್ಟಿವ್ ಎಳೆದ.

ಹೆಲಿಕಾಪ್ಟರ್ ಗಾಳಿಯಲ್ಲಿದ್ದಾಗ ತನ್ನ ತೂಕದ ಕೇಂದ್ರದ ಸುತ್ತ ವಾಲುತ್ತದೆ. ಸ್ಕಿಡ್ ಸಿಕ್ಕಿಕೊಂಡರೆ ಆ ಸ್ಕಿಡ್ಡೇ ತಿರುಗಣಿಯಾಗುತ್ತದೆ, ಬಾಗಿಲಿಗೆ ಕೀಲು ಇದ್ದಂತೆ. ರೋಟರಿನ ಬಲ ಆಗ ಎತ್ತುವುದಿಲ್ಲ, ಮಗುಚುತ್ತದೆ. ಬಲಗಡೆ ಸಿಕ್ಕಿಕೊಂಡರೆ ಬಾಲದ ರೋಟರಿನ ನೂಕೂ ಅದೇ ಕಡೆಗೆ ಸೇರಿಕೊಳ್ಳುತ್ತದೆ. ಸಣ್ಣ ಹೆಲಿಕಾಪ್ಟರುಗಳಲ್ಲಿ ಈ ವಾಲಿಕೆ ಹಿಡಿತ ಮೀರಲು 5ರಿಂದ 8 ಡಿಗ್ರಿ ಸಾಕು. ನಿಮ್ಮ ಕೈಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸಲ ಟಿಕ್ ಎಂದರೆ 6 ಡಿಗ್ರಿ. ಅಷ್ಟೇ ಅಂತರ.

ನನ್ನ ಕೈ ನನ್ನ ಕಡೆಯ ಕಲೆಕ್ಟಿವ್ ಮೇಲಿತ್ತು. ಅವನ ಎಳೆತವನ್ನು ಮೀರಿ ಕೆಳಕ್ಕೆ ಒತ್ತಿದೆ. ಎತ್ತುವ ಬಲ ಹೋದೊಡನೆ ಯಂತ್ರದ ತೂಕವೇ ಅದನ್ನು ಹಿಂದಕ್ಕೆ ಎಳೆದುಕೊಂಡಿತು, ಎಡ ಸ್ಕಿಡ್ ನೆಲಕ್ಕೆ ಬಡಿಯಿತು. ಹಲ್ಲು ಕಡಿದ ಸದ್ದು ಕೇಳಿಸಿತು, ನನ್ನದೋ ಅವನದೋ ಗೊತ್ತಿಲ್ಲ. ಸ್ಕಿಡ್ಡುಗಳನ್ನು ಜೋಡಿಸುವ ಅಡ್ಡ ಕೊಳವೆ ಬಾಗಿತ್ತು. ಒತ್ತಿದ್ದು ಸ್ವಲ್ಪ ಒರಟಾಯಿತು ಎಂದು ಮೆಕ್ಯಾನಿಕ್ ಗೊಣಗಿದ್ದೂ ಸರಿಯೇ. ಒಮ್ಮೆಲೇ ಬಿಟ್ಟರೆ ಇನ್ನೊಂದು ಸ್ಕಿಡ್ ಪುಟಿದು ಆ ಕಡೆಗೆ ಮಗುಚುವ ಅಪಾಯವಿದೆ. ಮೃದುವಾಗಿ, ಆದರೆ ಪೂರ್ತಿ ಇಳಿಸಬೇಕು. ಆ ಹುಡುಗ ಎಂಜಿನ್ ನಿಲ್ಲಿಸಿದ ಮೇಲೂ ಕಲೆಕ್ಟಿವ್ ಹಿಡಿದುಕೊಂಡೇ ಇದ್ದ, ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಕಲೆಕ್ಟಿವ್ ಎಳೆಯಬಾರದೆಂಬುದಕ್ಕೆ ಒಂದು ಅಪವಾದ ಹೇಳದಿದ್ದರೆ ಎಂಜಿನಿಯರಿಂಗ್ ಓದಿದವರು ನನ್ನನ್ನು ಬಿಡುವುದಿಲ್ಲ. ಷ್ವೈಟ್ಜರ್ 300 ಹೆಲಿಕಾಪ್ಟರಿನಂಥ, ಮೂರು ಅಲಗು ಕೀಲುಗಳ ಮೇಲೆ ಹಿಂದೆ ಮುಂದೆ ಆಡುವ ರೋಟರುಗಳಲ್ಲಿ ನೆಲ ಮುಟ್ಟಿದ ಹೊಡೆತಕ್ಕೆ ಅಲಗುಗಳ ನಡುವಿನ ಅಂತರ ಏರುಪೇರಾಗಿ ಇಡೀ ಯಂತ್ರ ಕುಲುಕಾಡತೊಡಗುವುದುಂಟು. ಕೆಲವೇ ಸೆಕೆಂಡುಗಳಲ್ಲಿ ಮೈ ಹರಿದುಹೋಗುವಷ್ಟು. ಅಲ್ಲಿ ರೋಟರ್ ಸುತ್ತು ಸರಿಯಾಗಿದ್ದರೆ ಎಳೆದು ಗಾಳಿಗೆ ಏರಬೇಕು, ಅದೇ ಮದ್ದು. ಎರಡೇ ಅಲಗಿನ ಆರ್-22ಕ್ಕೆ ಈ ರೋಗವಿಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಕೈಯ ಕಥೆ ಆಯಿತು, ಈಗ ಕಾಲಿನದ್ದು. ಹೆಲಿಕಾಪ್ಟರ್ ಇಳಿಯುವ ಮುನ್ನ ಗಿರಗಿರನೆ ತಿರುಗುವ ವಿಡಿಯೊಗಳನ್ನು ನೀವೆಲ್ಲ ನೋಡಿರುತ್ತೀರಿ. ನಿಜವಾಗಿಯೂ ಯಂತ್ರ ಕೈಕೊಟ್ಟ ಪ್ರಕರಣಗಳೂ ಇವೆ. 2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್ ನಗರದ ಫುಟ್‌ಬಾಲ್ ಕ್ರೀಡಾಂಗಣದಿಂದ ಎದ್ದ ಹೆಲಿಕಾಪ್ಟರ್‌ ಬಿದ್ದು ಐವರು ಸತ್ತರಲ್ಲ, ಅಲ್ಲಿ ಬಾಲದ ರೋಟರಿನ ನಿಯಂತ್ರಣದಲ್ಲಿದ್ದ ಬೇರಿಂಗ್ ಕಚ್ಚಿಕೊಂಡು ಪೆಡಲಿಗೂ ರೋಟರಿಗೂ ಸಂಬಂಧವೇ ತಪ್ಪಿತ್ತು. ಅದು ದೊಡ್ಡ ಹೆಲಿಕಾಪ್ಟರ್, ಹೊರಡುವಾಗ ಆದದ್ದು. ಪೈಲಟ್ ಏನು ಮಾಡಿದರೂ ಉಳಿಸಿಕೊಳ್ಳಲಾಗದ ಸ್ಥಿತಿ. ನಾನು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ಎಲ್ಲ ಬಿಡಿಭಾಗಗಳೂ ಸರಿಯಾಗಿದ್ದು, ಆದರೂ ಮೂತಿ ತಿರುಗಿ ನಿಲ್ಲದೆ ಹೋದ ಪ್ರಕರಣಗಳ ಬಗ್ಗೆ.

ಮೇಲಿನಿಂದ ನೋಡಿದರೆ ಅಮೆರಿಕದ ಬೆಲ್, ರಾಬಿನ್‌ಸನ್ ಹೆಲಿಕಾಪ್ಟರುಗಳ ರೋಟರ್ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ. ಮೂತಿ ಬಲಕ್ಕೆ ಎಳೆಯುತ್ತದೆ, ಎಡ ಪೆಡಲ್ ತಡೆಯುತ್ತದೆ. ಫ್ರಾನ್ಸಿನ ವಿನ್ಯಾಸಗಳಲ್ಲಿ ಎಲ್ಲವೂ ಅದಲು ಬದಲು. ಒಂದರಲ್ಲಿ ಸಾವಿರ ಗಂಟೆ ಹಾರಿ ಇನ್ನೊಂದಕ್ಕೆ ಬಂದವನ ಕಾಲು ಗಾಬರಿಯಲ್ಲಿ ಹಳೆಯ ಕಡೆಗೇ ಹೋಗುತ್ತದೆ.

ಗಾಳಿಯ ದಿಕ್ಕು ಇಲ್ಲಿ ದೊಡ್ಡ ಸಂಗತಿ. ಗಡಿಯಾರದ ಮುಖವನ್ನು ನೆನೆಯಿರಿ, ಮೂತಿ ಹನ್ನೆರಡಕ್ಕಿದೆ. ಅಮೆರಿಕದ ರೋಟರುಗಳಲ್ಲಿ ಹತ್ತು ಗಂಟೆಯ ದಿಕ್ಕಿನಿಂದ ಗಾಳಿ ಬಂದರೆ ಮುಖ್ಯ ರೋಟರಿನ ತುದಿಯ ಸುಳಿಗಳು ನೇರ ಬಾಲದ ರೋಟರಿನ ಬಾಯಿಗೆ ಬೀಳುತ್ತವೆ. ಏಳರಿಂದ ಹನ್ನೊಂದರ ನಡುವೆ ಬಂದರೆ ಬಾಲದ ರೋಟರ್ ತಾನೇ ನೂಕಿದ ಗಾಳಿಯನ್ನು ಎದುರಿಸುತ್ತಾ ಏರುಪೇರಾಗಿ ಎಳೆಯುತ್ತದೆ. ನಾಲ್ಕರಿಂದ ಎಂಟರ ನಡುವೆ, ಅಂದರೆ ಹಿಂಗಾಳಿ, ಬಂದರೆ ಗಾಳಿಕೋಳಿಯಂತೆ ಇಡೀ ಯಂತ್ರ ಮೂತಿಯನ್ನು ಗಾಳಿಗೆ ಒಡ್ಡಲು ತಿರುಗುತ್ತದೆ. ಈ ಎಲ್ಲವನ್ನೂ ಎಫ್‌ಎಎ 1995ರ ಒಂದು ಸಲಹಾ ಸುತ್ತೋಲೆಯಲ್ಲಿ ಡಿಗ್ರಿಗಳಲ್ಲಿ ಗುರುತಿಸಿ ಚಿತ್ರ ಬರೆದು ಕೊಟ್ಟಿದೆ. ಅಮೆರಿಕದ ಸೇನೆ ತನ್ನ ಓಎಚ್-58 ಹೆಲಿಕಾಪ್ಟರುಗಳ ಅನುಭವದಿಂದ ಇದಕ್ಕೆ ಬಾಲದ ರೋಟರಿನ ಪರಿಣಾಮ ನಷ್ಟ ಎಂಬ ಅರ್ಥದ ಹೆಸರಿಟ್ಟಿತು. ಹೆಸರು ಎಲ್ಲೆಡೆ ಹಬ್ಬಿತು.

ನನಗೆ ಆ ಹೆಸರಿನ ಮೇಲೆ ಸಿಟ್ಟಿದೆ. ಹೆಸರು ಕೇಳಿದರೆ ಬಾಲದ ರೋಟರ್ ಏನೋ ಸತ್ತುಹೋಯಿತು, ಇನ್ನು ಪೆಡಲ್ ಒತ್ತಿ ಪ್ರಯೋಜನವಿಲ್ಲ ಎನಿಸುತ್ತದೆ. ಏರ್‌ಬಸ್ ಹೆಲಿಕಾಪ್ಟರ್ಸ್ ಕಂಪನಿ ಇದರ ಬಗ್ಗೆಯೇ ಸುರಕ್ಷತಾ ಸೂಚನೆ ಹೊರಡಿಸಿ, ಅನಿರೀಕ್ಷಿತವಾಗಿ ಮೂತಿ ತಿರುಗಿದರೆ ಕೂಡಲೇ ವಿರುದ್ಧ ಪೆಡಲ್ ಒತ್ತಿ, ಬೇಕಾದರೆ ಕೊನೆಯವರೆಗೂ ಒತ್ತಿ, ತಿರುಗುವುದು ನಿಲ್ಲುವವರೆಗೆ ಹಿಡಿದೇ ಇರಿ ಎಂದು ಒತ್ತಿ ಹೇಳಿತು. ಕೊನೆಯ ಮಾತೇ ಮುಖ್ಯ. ಒಮ್ಮೆ ವೇಗವಾಗಿ ತಿರುಗತೊಡಗಿದ ಯಂತ್ರ ಪೆಡಲ್ ಒತ್ತಿದೊಡನೆ ನಿಲ್ಲುವುದಿಲ್ಲ. ಒಂದೆರಡು ಸುತ್ತು ತಿರುಗಿಯೇ ನಿಧಾನವಾಗುತ್ತದೆ. ಅಷ್ಟರಲ್ಲಿ ಪೈಲಟ್, ಇದು ಕೆಲಸ ಮಾಡುತ್ತಿಲ್ಲ ಎಂದುಕೊಂಡು ಕಾಲು ಸಡಿಲಿಸುತ್ತಾನೆ. ಜೊತೆಗೆ ನೆಲ ಹತ್ತಿರ ಬಂತೆಂದು ಎಡಗೈ ಮತ್ತೆ ಕಲೆಕ್ಟಿವ್ ಎಳೆಯುತ್ತದೆ. ತಿರುಗುವ ಬಲ ಇನ್ನಷ್ಟು ಹೆಚ್ಚುತ್ತದೆ. ಕೈ ಕಾಲು ಪರಸ್ಪರ ಜಗಳವಾಡುತ್ತಿರುವಾಗ ನೆಲ ಬಂದು ತೀರ್ಪು ಕೊಡುತ್ತದೆ.

ಹಾಗಾದರೆ ಮಾಡುವುದೇನು ಎಂದು ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಮಾಡುವುದೆಲ್ಲ ಮೇಲೆಯೇ, ಇನ್ನೂ ವೇಗವಿರುವಾಗ. ಮೊದಲು ಗಾಳಿ. ಹೊಗೆ, ಬಟ್ಟೆ ಒಣಹಾಕಿದ ತಂತಿ, ಎಲೆಗಳ ಬಿಳಿ ಬೆನ್ನು, ಎಲ್ಲವೂ ಗಾಳಿಯ ಸಾಕ್ಷಿಗಳೇ. ಕೆರೆಯಿದ್ದರೆ ಇನ್ನೂ ಒಳ್ಳೆಯದು, ನೀರಿನ ಯಾವ ಅಂಚು ಅಲೆಯಿಲ್ಲದೆ ನುಣುಪಾಗಿದೆಯೋ ಗಾಳಿ ಆ ದಡದ ಕಡೆಯಿಂದ ಬರುತ್ತಿದೆ. ಏನೂ ಇಲ್ಲದಿದ್ದರೆ ಬಯಲಿನ ಮೇಲೆ ಒಂದು ಸುತ್ತು ಹಾಕಿ. ವೇಗಮಾಪಕ 50 ತೋರಿಸುವಾಗ ಜಿಪಿಎಸ್ 60 ತೋರಿಸಿದರೆ ಬೆನ್ನಿಗೆ 10 ನಾಟ್ ಇದೆ. ಆರ್-22ರ ಗಾಜಿನ ಹೊರಗೆ ಒಂದು ತುಂಡು ದಾರ ಅಂಟಿಸಿರುತ್ತಾರೆ, ಹಾರುವಾಗ ಮೈ ಅಡ್ಡವಾಗಿ ಜಾರುತ್ತಿದೆಯೇ ಎಂದು ಅದು ಹೇಳುತ್ತದೆ. ಕೋಟಿಗಳ ಯಂತ್ರದಲ್ಲಿ ನನಗೆ ಅತಿ ಪ್ರೀತಿಯ ಉಪಕರಣ ಅದು. ಬ್ಯಾಟರಿ ಬೇಡ, ಸುಳ್ಳು ಹೇಳುವುದು ಬಲು ಅಪರೂಪ.

ಆಮೇಲೆ ಶಕ್ತಿ. ಹೊರಡುವಾಗ ಹೋವರ್‌ನಲ್ಲಿ ಎಂಜಿನ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಮ್ಯಾನಿಫೋಲ್ಡ್ ಪ್ರೆಶರ್ ಮುಳ್ಳು ಎಲ್ಲಿತ್ತು, ಮಿತಿ ಎಲ್ಲಿದೆ, ನಡುವೆ ಎಷ್ಟು ಉಳಿದಿತ್ತು ಎಂಬುದನ್ನು ಮೊಣಕಾಲಿನ ಮೇಲಿನ ಹಾಳೆಯಲ್ಲಿ ಬರೆದುಕೊಳ್ಳಿ ಎಂದು ಹೇಳುತ್ತಿದ್ದೆ. ಆ ಉಳಿಕೆ ಬೆರಳಗಲವಿದ್ದರೆ ಮೆತ್ತೆ ಸಿಗದ ಜಾಗಕ್ಕೆ ಇಳಿಯಲು ಹೋಗಬಾರದು. ಮತ್ತು ಕೈಬಿಟ್ಟು ಹೊರಡುವ ತೀರ್ಮಾನ. ಅದು 30 ನಾಟ್ ಇರುವಾಗಲೇ ಆಗಬೇಕು. ಹತ್ತು ನಾಟ್‌ನಲ್ಲಿ ಮನಸ್ಸು ಬದಲಿಸಿದರೆ ಹೊರಡಲು ಬೇಕಾದ ಶಕ್ತಿಯೇ ನಿಮ್ಮ ಬಳಿ ಇಲ್ಲದ ಶಕ್ತಿ. ಹೀಗೆ ಬಿಟ್ಟು ಹೊರಟವನಿಗೆ ಪ್ರಯಾಣಿಕರು ಎಂದೂ ಧನ್ಯವಾದ ಹೇಳುವುದಿಲ್ಲ. ಏಕೆ ಸುತ್ತುತ್ತಿದ್ದೀರಿ, ಇಳಿಸಲು ಬರುವುದಿಲ್ಲವೇ ಎಂದೇ ಕೇಳುತ್ತಾರೆ. ಕೇಳಲಿ.

ಕಾಲಿಗೆ ಮಾತ್ರ ನಾನು ಬೇರೆಯೇ ಒಂದು ಪಾಠ ಮಾಡುತ್ತಿದ್ದೆ. ಅದನ್ನು ಹೇಳಿ ಮುಗಿಸುತ್ತೇನೆ. ಬೇರೆ ಕಡೆ ಕಲಿತು, ನೂರಿನ್ನೂರು ಗಂಟೆ ಹಾರಿ, ಪರೀಕ್ಷೆಗೆಂದು ನನ್ನ ಬಳಿ ಬರುವವರಿರುತ್ತಿದ್ದರು. ಶೆಡ್ಡಿನೊಳಗೆ, ರೋಟರ್ ನಿಂತಿರುವಾಗ, ಅವರನ್ನು ಆಸನದಲ್ಲಿ ಕೂರಿಸಿ ಕಣ್ಣು ಮುಚ್ಚಿ ಎನ್ನುತ್ತಿದ್ದೆ. ಮೂತಿ ಬಲಕ್ಕೆ ಜೋರಾಗಿ ತಿರುಗುತ್ತಿದೆ, ನಿಲ್ಲಿಸಿ. ಎಡಗಾಲು ಮುಂದೆ ಹೋಗುತ್ತಿತ್ತು, ಒಂದು ಜಾಗದಲ್ಲಿ ನಿಲ್ಲುತ್ತಿತ್ತು. ಪೂರ್ತಿ ಒತ್ತಿದಿರಾ ಎಂದು ಕೇಳಿದರೆ, ಪೂರ್ತಿ ಎನ್ನುತ್ತಿದ್ದರು. ನಾನು ಬಗ್ಗಿ ಅವರ ಬೂಟಿನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕುತ್ತಿದ್ದೆ. ಪೆಡಲ್ ಇನ್ನೂ ಹೋಗುತ್ತಿತ್ತು, ಮೊಣಕಾಲು ನೆಟ್ಟಗಾಗುವವರೆಗೆ ಹೋಗಿ ಕಬ್ಬಿಣಕ್ಕೆ ಕಬ್ಬಿಣ ತಗಲಿ ಟಕ್ ಎನ್ನುತ್ತಿತ್ತು.

ಒಬ್ಬ ಹುಡುಗಿ ಕಣ್ಣು ತೆರೆದು ಕೆಳಗೆ ನೋಡಿ ಕೇಳಿದಳು: "ಇನ್ನೂ ಇಷ್ಟು ಬಾಕಿ ಇತ್ತೇ, ಸರ್?"